ನಕ್ಕರೆ ಹೃದಯ ಸಾಯುತ್ತದೆಯೇ?

ಐವತ್ತು ದಾಟಿದ ವ್ಯಾಪಾರಿಯೊಬ್ಬರು ಪತ್ನಿಯೊಂದಿಗೆ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ, ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಹೊಟ್ಟೆ ಸದಾ ಉಬ್ಬರ. ನಾಡಿ ನೋಡಿ, ಊಟ-ನಿದ್ದೆಯ ಬಗ್ಗೆ ವಿಚಾರಿಸಿದ ಮೇಲೆ, "ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ನಕ್ಕು ಎಷ್ಟು ದಿನವಾಯಿತು?" ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ಪತ್ನಿ ಮೆಲ್ಲಗೆ ಹೇಳಿದರು: "ಇವರ ಸ್ಕೂಟರಿನ ಸದ್ದು ಕೇಳಿದರೆ ಸಾಕು ಡಾಕ್ಟ್ರಮ್ಮ, ಮಕ್ಕಳ ನಗು ನಿಂತುಹೋಗುತ್ತದೆ." ಅವರು ಸ್ವಲ್ಪ ಮುಜುಗರದಿಂದಲೇ, "ಹೆಚ್ಚು ನಕ್ಕರೆ ಹೃದಯ ಸಾಯುತ್ತದೆ ಅಂತ ಹದೀಸ್‌ನಲ್ಲೇ ಇದೆಯಲ್ಲ" ಎಂದರು.

ಈ ಮಾತನ್ನು ನಾನು ಬೇರೆ ಬೇರೆ ಮನೆಗಳವರ ಬಾಯಲ್ಲಿ ಕೇಳಿದ್ದೇನೆ. ಹದೀಸ್ ಇರುವುದು ನಿಜ. ಆದರೆ ಅದು ಎಚ್ಚರಿಸುವುದು ಅತಿಯಾದ ನಗುವಿನ ಬಗ್ಗೆ. ಸಾರಿಗೆ ಉಪ್ಪು ಅತಿಯಾಗಬಾರದು ಎಂದರೆ ಉಪ್ಪೇ ಹಾಕಬೇಡಿ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ನಗುವಿನ ವಿಷಯದಲ್ಲಿ ಮಾತ್ರ ಹಾಗೆ ಅರ್ಥ ಮಾಡಿಕೊಂಡು ಮನೆಯನ್ನೇ ಸಪ್ಪೆ ಮಾಡಿಕೊಳ್ಳುತ್ತೇವೆ.

ಪ್ರವಾದಿವರ್ಯರ(ಸ) ಬದುಕು ಹೇಗಿತ್ತು ನೋಡಿ. ಅವರು ಗಹಗಹಿಸಿ ನಕ್ಕದ್ದನ್ನು ತಾವು ಕಂಡಿಲ್ಲವೆಂದೂ ಅವರದು ಮುಗುಳ್ನಗೆಯೆಂದೂ ಹಝ್ರತ್ ಆಯಿಶಾ(ರ) ಹೇಳಿದ್ದಾರೆ. ಅವರಿಗಿಂತ ಹೆಚ್ಚು ಮುಗುಳ್ನಗುವವರನ್ನು ತಾವು ನೋಡಿಲ್ಲ ಎಂದು ಇನ್ನೊಬ್ಬ ಸಹಾಬಿ ಹೇಳಿದ್ದಾರೆ. ಸವಾರಿಗೆ ಪ್ರಾಣಿಯೊಂದು ಬೇಕೆಂದು ಕೇಳಿ ಬಂದವನಿಗೆ ಒಂಟೆಯ ಮರಿಯನ್ನು ಕೊಡುತ್ತೇನೆ ಎಂದರು. ಮರಿ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಅವನು ಪೇಚಾಡಿದಾಗ, ಎಲ್ಲ ಒಂಟೆಗಳೂ ಯಾವುದಾದರೊಂದು ಒಂಟೆಯ ಮರಿಯೇ ಅಲ್ಲವೇ ಎಂದು ಕೇಳಿದರು. ಸಾಕಿದ ಪುಟ್ಟ ಹಕ್ಕಿ ಸತ್ತು ಮಂಕಾಗಿದ್ದ ಅಬೂ ಉಮೈರ್ ಎಂಬ ಬಾಲಕನನ್ನು ಅವನ ಹೆಸರಿಗೆ ಹಕ್ಕಿಯ ಹೆಸರನ್ನು ಪ್ರಾಸವಾಗಿ ಕೂಡಿಸಿ ಮಾತನಾಡಿಸಿದರು. ಫಜ್ರ್ ನಮಾಝ್‌ನ ನಂತರ ಸಹಾಬಿಗಳು ಕೂತು ತಮ್ಮ ಅಜ್ಞಾನ ಕಾಲದ ಸಂಗತಿಗಳನ್ನು ನೆನೆದು ನಗುತ್ತಿದ್ದರು, ಪ್ರವಾದಿವರ್ಯರು(ಸ) ಅವರನ್ನು ಗದರದೆ ಮುಗುಳ್ನಗುತ್ತಿದ್ದರು. "ಅಳುವ ಗಂಡಸನ್ನು ನಗುವ ಹೆಂಗಸನ್ನು ನಂಬಬಾರದು" ಎಂಬ ಗಾದೆ ನಮ್ಮ ಊರುಗಳದು, ದೀನ್‌ನದ್ದಲ್ಲ.

ಇನ್ನು ವೈದ್ಯಕೀಯಕ್ಕೆ ಬರುತ್ತೇನೆ. ಆರೋಗ್ಯ ಕಾಪಾಡಿಕೊಳ್ಳಲು ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿ ಶಾಸ್ತ್ರ ಹೇಳುತ್ತದೆ: ಗಾಳಿ, ಆಹಾರ ಪಾನೀಯ, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ದೆ-ಎಚ್ಚರ, ಮತ್ತು ದೇಹದಿಂದ ಹೋಗಬೇಕಾದದ್ದು ಹೋಗಿ ಉಳಿಯಬೇಕಾದದ್ದು ಉಳಿಯುವುದು. ಇವುಗಳಲ್ಲಿ ನಾಲ್ಕನೆಯದನ್ನು ರೋಗಿಗಳು ಕೇಳುವುದಿಲ್ಲ. ನಿಜ ಹೇಳಬೇಕೆಂದರೆ ನಾವು ವೈದ್ಯರೂ ಅವಸರದಲ್ಲಿ ಅದನ್ನು ದಾಟಿಬಿಡುತ್ತೇವೆ.

ಹಳೆಯ ಹಕೀಮರು ಮನಸ್ಸಿನ ಚಲನೆಯನ್ನು ರೂಹ್‌ನ ಚಲನೆಯಾಗಿ ವಿವರಿಸಿದರು. ಇಲ್ಲಿ ರೂಹ್ ಎಂದರೆ ಹೃದಯದಿಂದ ದೇಹಕ್ಕೆಲ್ಲ ಹರಡುವ ಜೀವಶಕ್ತಿ, ಮರಣದ ನಂತರ ಅಲ್ಲಾಹನೆಡೆಗೆ ಮರಳುವ ಆತ್ಮವಲ್ಲ. ಕೋಪದಲ್ಲಿ ಅದು ಥಟ್ಟನೆ ಹೊರಮುಖವಾಗುತ್ತದೆ, ಮುಖ ಕೆಂಪೇರುತ್ತದೆ. ಭಯದಲ್ಲಿ ಥಟ್ಟನೆ ಒಳಸೇರುತ್ತದೆ, ಕೈಕಾಲು ತಣ್ಣಗಾಗುತ್ತವೆ. ದುಃಖದಲ್ಲಿ ನಿಧಾನವಾಗಿ ಒಳಗೆ ಕುಗ್ಗುತ್ತದೆ, ಸಂತೋಷದಲ್ಲಿ ನಿಧಾನವಾಗಿ ಹೊರಗೆ ಹರಡುತ್ತದೆ. ಇಬ್ನ್ ಸೀನಾ ಹೃದಯದ ಔಷಧಿಗಳ ಬಗ್ಗೆಯೇ ಒಂದು ಗ್ರಂಥ ಬರೆದು, ಅದರಲ್ಲಿ ಸಂತೋಷ ಮತ್ತು ದುಃಖದ ಕಾರಣಗಳನ್ನೂ ಚರ್ಚಿಸಿದ್ದಾರೆ. ಮನಸ್ಸನ್ನು ಉಲ್ಲಾಸಗೊಳಿಸುವ ಔಷಧಿಗಳಿಗೆ ಮುಫರ್ರಿಹ್ ಎಂಬ ಪ್ರತ್ಯೇಕ ವರ್ಗವೇ ಇದೆ. ಇದನ್ನು ಕೇಳಿದ ಕೂಡಲೇ ಕೆಲವರು ಖಮೀರಾ ಡಬ್ಬಿ ಕೊಡಿ ಎನ್ನುತ್ತಾರೆ. ಖಮೀರಾವನ್ನು ತಯಾರಿಸುವುದೇ ಸಕ್ಕರೆ ಅಥವಾ ಜೇನಿನ ಪಾಕದಲ್ಲಿ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ನಗುವಿಗೆ ಆ ತೊಂದರೆಯಿಲ್ಲ.

ನಗುವಾಗ ದೇಹದಲ್ಲಿ ಏನಾಗುತ್ತದೆ? ಹೊಟ್ಟೆಯ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮತ್ತೆ ಮತ್ತೆ ಸಂಕುಚಿಸಿ ಉಸಿರನ್ನು ತುಂಡು ತುಂಡಾಗಿ ಹೊರದೂಡುತ್ತವೆ. ಶ್ವಾಸಕೋಶ ಮಾಮೂಲಿಗಿಂತ ಹೆಚ್ಚು ಖಾಲಿಯಾಗುವುದರಿಂದ ಮುಂದಿನ ಉಸಿರು ಆಳವಾಗುತ್ತದೆ. ನಾಡಿಬಡಿತ, ರಕ್ತದೊತ್ತಡ ಸ್ವಲ್ಪ ಹೊತ್ತು ಏರಿ ಮತ್ತೆ ಇಳಿಯುತ್ತವೆ, ಮೈಯ ಬಿಗಿ ಸಡಿಲವಾಗುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೃದಯತಜ್ಞರು 2005ರಲ್ಲಿ 20 ಆರೋಗ್ಯವಂತರಿಗೆ ಒಂದು ಹಾಸ್ಯಚಿತ್ರದ ಮತ್ತು ಒಂದು ಯುದ್ಧಚಿತ್ರದ ದೃಶ್ಯಗಳನ್ನು ತೋರಿಸಿ ತೋಳಿನ ರಕ್ತನಾಳವನ್ನು ಪರೀಕ್ಷಿಸಿದರು. ನಕ್ಕ ನಂತರ 19 ಮಂದಿಯಲ್ಲಿ ರಕ್ತದ ಹರಿವು ಹೆಚ್ಚಿತ್ತು, ಯುದ್ಧದ ದೃಶ್ಯ ನೋಡಿದ ನಂತರ 14 ಮಂದಿಯಲ್ಲಿ ಕಡಿಮೆಯಾಗಿತ್ತು. ನಮಗೆ ಇನ್ನೂ ಹತ್ತಿರವಾದದ್ದು ಜಪಾನಿನಲ್ಲಿ ನಡೆದ ಅಧ್ಯಯನ. 2003ರಲ್ಲಿ ಪ್ರಕಟವಾದ ಇದರಲ್ಲಿ ಸಕ್ಕರೆ ಕಾಯಿಲೆಯ 19 ಮಂದಿಗೆ ಒಂದು ದಿನ ಊಟದ ನಂತರ ಬೇಸರ ತರಿಸುವ ಉಪನ್ಯಾಸ ಕೇಳಿಸಿದರು, ಮರುದಿನ ಅದೇ ಊಟ ಕೊಟ್ಟು ಹಾಸ್ಯ ಕಾರ್ಯಕ್ರಮ ತೋರಿಸಿದರು. ನಕ್ಕ ದಿನ ಊಟದ ನಂತರದ ಸಕ್ಕರೆ ಕಡಿಮೆ ಏರಿತ್ತು.

ಇವು ಸಣ್ಣ ಅಧ್ಯಯನಗಳು. ಇವುಗಳ ಬಲದ ಮೇಲೆ ಮಾತ್ರೆ ನಿಲ್ಲಿಸುವವರು ನನ್ನ ಲೇಖನ ಓದದಿರುವುದೇ ಒಳ್ಳೆಯದು. ನಕ್ಕರೆ ಬೊಜ್ಜು ಕರಗುತ್ತದೆ ಎಂಬ ಮಾತನ್ನೂ ನಂಬಬೇಡಿ. ದಿನಕ್ಕೆ ಕಾಲು ಗಂಟೆ ನಕ್ಕರೂ ಖರ್ಚಾಗುವುದು ಹೆಚ್ಚೆಂದರೆ 40 ಕ್ಯಾಲರಿ, ಒಂದು ಸಮೋಸಾದ ತುದಿಯಷ್ಟೂ ಅಲ್ಲ.

ಹಾಗಾದರೆ ದಿನವೂ ನಗುವುದು ಹೇಗೆ? 1995ರಲ್ಲಿ ಮುಂಬೈಯ ಉದ್ಯಾನವೊಂದರಲ್ಲಿ ಡಾ. ಮದನ್ ಕಟಾರಿಯಾ ಐದು ಮಂದಿಯೊಂದಿಗೆ ನಗೆಕೂಟ ಆರಂಭಿಸಿದರು, ಈಗ ಅಂಥವು ಅನೇಕ ದೇಶಗಳಲ್ಲಿವೆ. ನನ್ನ ಆಕ್ಷೇಪವಿಲ್ಲ. ಆದರೆ ನಗು ಹುಡುಕಲು ಉದ್ಯಾನಕ್ಕೆ ಹೋಗಬೇಕಿಲ್ಲ. ನಗುವಿನ ಬಗ್ಗೆ ಬಹುಕಾಲ ಸಂಶೋಧನೆ ಮಾಡಿದ ರಾಬರ್ಟ್ ಪ್ರೊವೈನ್, ಮನುಷ್ಯ ಒಬ್ಬನೇ ಇರುವಾಗಿಗಿಂತ ಜೊತೆಗಾರರಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ಕಂಡರು. ಇನ್ನೊಂದು ವಿಷಯವನ್ನೂ ಅವರು ಗಮನಿಸಿದರು. ಹೆಚ್ಚಿನ ನಗು ಹುಟ್ಟುವುದು ಜೋಕಿನಿಂದಲ್ಲ, ಸಾದಾ ಮಾತಿನಿಂದ. ಅಂದರೆ ನಗಿಸುವ ಕಲೆ ಗೊತ್ತಿರಬೇಕಿಲ್ಲ, ಒಟ್ಟಿಗೆ ಕೂತರೆ ಸಾಕು.

ಕಷ್ಟವಾಗಿರುವುದು ಅದೇ. ಈಗಿನ ಮನೆಗಳಲ್ಲಿ ನಗು ಇಲ್ಲವೆಂದಲ್ಲ. ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಒಂದು ಕೋಣೆಯಲ್ಲಿ ನಗುತ್ತಾನೆ, ಮಗಳು ಇನ್ನೊಂದರಲ್ಲಿ. ದಾದಿ ನಡುಮನೆಯಲ್ಲಿ ಕೂತು ಇವರೇಕೆ ನಗುತ್ತಾರೆಂದು ತಿಳಿಯದೆ ಬಾಗಿಲ ಕಡೆ ನೋಡುತ್ತಿರುತ್ತಾರೆ. ರಾತ್ರಿಯ ಊಟವೊಂದನ್ನಾದರೂ ಒಂದೇ ದಸ್ತರ್‌ಖಾನ್‌ನಲ್ಲಿ, ಫೋನ್‌ಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಮಾಡಿ. ದಾದಿಯನ್ನೋ ನಾನಿಯನ್ನೋ ಮಾತಿಗೆಳೆಯಿರಿ. ನಮ್ಮ ಮನೆಯಲ್ಲಿ ಈಗಲೂ ನಡೆಯುವ ಕತೆ ನನ್ನ ತಮ್ಮನದು. ಆರು ವರ್ಷದವನಿದ್ದಾಗ, ರಮಝಾನ್‌ನಲ್ಲಿ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಒಂದು, ಊಟದಿಂದ ಅಸರ್‌ವರೆಗೆ ಒಂದು, ಅಲ್ಲಿಂದ ಮಗ್ರಿಬ್‌ವರೆಗೆ ಒಂದು, ಹೀಗೆ ದಿನಕ್ಕೆ ಮೂರು ರೋಝಾ ಹಿಡಿಯುತ್ತಿದ್ದ. ಅಬ್ಬಾಗಿಂತ ತನಗೇ ಹೆಚ್ಚು ಪುಣ್ಯ ಎಂದು ಲೆಕ್ಕವನ್ನೂ ಹೇಳುತ್ತಿದ್ದ. ಈಗ ಅವನ ಮಕ್ಕಳ ಮುಂದೆ ಅಮ್ಮಿ ಅದನ್ನು ಹೇಳಿದಾಗ ಮೊದಲು ನಗುವವನು ಅವನೇ.

ಎಲ್ಲ ನಗುವೂ ಮದ್ದಲ್ಲ. ಸೊಸೆಯ ಅಡುಗೆ, ಮಗುವಿನ ಬಣ್ಣ, ದಪ್ಪ ಮೈ, ತೊದಲು ಮಾತು, ಇವನ್ನು ಆಡಿಕೊಂಡು ನಗುವಾಗ ಹತ್ತು ಮಂದಿಯ ರೂಹ್ ಅರಳಬಹುದು, ಒಬ್ಬರದು ಕುಗ್ಗುತ್ತದೆ. ಒಬ್ಬರನ್ನೊಬ್ಬರು ಪರಿಹಾಸ್ಯ ಮಾಡುವುದನ್ನು ಕುರ್‌ಆನಿನ ಹುಜುರಾತ್ ಅಧ್ಯಾಯ ಸ್ಪಷ್ಟವಾಗಿ ತಡೆದಿದೆ. ನಗಿಸಲೆಂದು ಸುಳ್ಳು ಹೇಳುವುದನ್ನೂ ಹದೀಸ್ ಖಂಡಿಸಿದೆ. ತಮಾಷೆಗೆಂದು ಮಕ್ಕಳನ್ನು ಹೆದರಿಸಿ ವೀಡಿಯೊ ಮಾಡುವ ಈಗಿನ ಚಾಳಿ ನನಗಂತೂ ಸಹಿಸಲಾಗದು.

ನಗಲು ಹಿಂಜರಿಯುವ ಮಹಿಳೆಯರ ಬಗ್ಗೆಯೂ ಹೇಳಬೇಕು. ಎರಡು ಮೂರು ಹೆರಿಗೆಯಾದ ಅನೇಕರಿಗೆ ಜೋರಾಗಿ ನಕ್ಕರೆ, ಕೆಮ್ಮಿದರೆ ಮೂತ್ರದ ಹನಿ ಜಾರುತ್ತದೆ. ವುಝೂ ಹೋಗುತ್ತದೆ, ಬಟ್ಟೆ ಬದಲಿಸಬೇಕಾಗುತ್ತದೆ ಎಂಬ ಚಿಂತೆಯಿಂದ ಮದುವೆ ಮನೆಯಲ್ಲೂ ನಗು ತಡೆದು ಕೂರುತ್ತಾರೆ. ವರ್ಷಗಟ್ಟಲೆ ಗಂಡನಿಗೂ ಹೇಳಿರುವುದಿಲ್ಲ. ಇದು ವಸ್ತಿಕುಹರದ ತಳದ ಸ್ನಾಯುಗಳು ಸಡಿಲವಾಗಿ ಬರುವ ತೊಂದರೆ, ನಾಚಿಕೆಪಡುವಂಥದ್ದಲ್ಲ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಐದು ಸೆಕೆಂಡ್ ಬಿಗಿಹಿಡಿದು, ಐದು ಸೆಕೆಂಡ್ ಸಡಿಲಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂತ್ರ ಮಾಡುತ್ತಿರುವಾಗ ಇದನ್ನು ಅಭ್ಯಾಸ ಮಾಡಬಾರದು. ಉಸಿರು ಕಟ್ಟಬಾರದು. ಮೂರು ತಿಂಗಳು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಗುಣ ಕಾಣುತ್ತದೆ, ಕಾಣದಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಬೇಕು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ನಗು ಬಂದಾಗ ಹೊಲಿಗೆಯ ಮೇಲೆ ದಿಂಬು ಒತ್ತಿಹಿಡಿಯಲಿ. ಅಸ್ತಮಾ ಇರುವವರಿಗೆ ನಕ್ಕಾಗ ಉಬ್ಬಸ ಬರುವುದಾದರೆ ಅಸ್ತಮಾ ಹತೋಟಿಯಲ್ಲಿಲ್ಲವೆಂದು ಅರ್ಥ, ಔಷಧಿ ಸರಿಪಡಿಸಿಕೊಳ್ಳಬೇಕು. ಮೊದಲು ನಗುನಗುತ್ತಿದ್ದವರು ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದಕ್ಕೂ ನಗದೆ, ಊಟ-ನಿದ್ದೆ ಬಿಟ್ಟು, ಒಂಟಿಯಾಗಿ ಕೂತಿದ್ದರೆ ಅವರನ್ನು ನಗಿಸಲು ಹೋಗಬೇಡಿ. ಈಮಾನ್ ಕಡಿಮೆಯಾಗಿದೆ ಎಂದು ಉಪದೇಶಿಸಲೂ ಬೇಡಿ. ಜೊತೆಯಲ್ಲಿ ಕರೆದುಕೊಂಡು ವೈದ್ಯರ ಬಳಿಗೆ ಹೋಗಿ.

ಆ ವ್ಯಾಪಾರಿಗೆ ನಾನು ಔಷಧಿಯೊಂದಿಗೆ ಬರೆದುಕೊಟ್ಟದ್ದು ಒಂದೇ ಪಥ್ಯ: ಅಂಗಡಿಯ ಲೆಕ್ಕವನ್ನು ಅಂಗಡಿಯಲ್ಲೇ ಮುಗಿಸಿ, ಮನೆಗೆ ಹೋದ ಮೇಲೆ ಸಲಾಮ್ ಹೇಳಿ ಮುಗುಳ್ನಗಬೇಕು, ಮೊದಲ ಅರ್ಧ ಗಂಟೆ ಯಾರನ್ನೂ ಏನನ್ನೂ ವಿಚಾರಿಸಬಾರದು. "ಟ್ಯೂಷನ್ ಫೀಸಿನ ವಿಷಯವನ್ನೂ?" ಎಂದು ಕೇಳಿದರು. ಪತ್ನಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.