ಈ ಪ್ಲೇಟುಗಳು ಮುಂದೆ ಯಾರಿಗೆ?

ದೀಪಾವಳಿಗೆ ಪುಣೆಯಿಂದ ಬಂದಿದ್ದ ಮಗಳು ಕಪಾಟಿನ ಧೂಳು ಒರೆಸುತ್ತಾ ಕೇಳಿದಳು: ‘ಅಪ್ಪಾ, ಇವನ್ನೆಲ್ಲಾ ಮುಂದ ನಾ ಏನ್ ಮಾಡ್ಲಿ?’

ಎದುರಿಗಿದ್ದದ್ದು ನಲವತ್ತು ವರ್ಷಗಳಲ್ಲಿ ನಾನು ಕೂಡಿಟ್ಟ ಐದುನೂರು ಚಿಲ್ಲರೆ ಗ್ರಾಮೊಫೋನ್ ರೆಕಾರ್ಡ್‌ಗಳು. ನಮ್ಮ ಮನೆಮಾತಿನಲ್ಲಿ ‘ಪ್ಲೇಟು’. ‘ಮುಂದ’ ಅಂದರೆ ಯಾವಾಗ ಎಂದು ನಾನು ಕೇಳಲಿಲ್ಲ. 63ರ ವಯಸ್ಸಿನಲ್ಲಿ ಅದು ಗೊತ್ತಾಗುತ್ತದೆ.

1984ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಧಾರವಾಡದಿಂದ ಮುಂಬಯಿಗೆ ಬಂದವನು ನಾನು. ಮೊದಲ ಸಂಬಳದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಕೊಂಡೆ. ಹಾಕಲು ಪ್ಲೇಯರ್ ಇರಲಿಲ್ಲ! ಭಾನುವಾರ ಅದನ್ನು ಬಗಲಿಗಿಟ್ಟುಕೊಂಡು ಡೊಂಬಿವಲಿಯ ಸಹೋದ್ಯೋಗಿಯ ಮನೆಗೆ ಹೋಗುತ್ತಿದ್ದೆ. ಮುಂದೆ ಕ್ಯಾಸೆಟ್, ಸಿ.ಡಿ. ಬಂದು ಜನ ರೆಕಾರ್ಡ್ ಹೊರಹಾಕತೊಡಗಿದಾಗ ಚೋರ್ ಬಜಾರಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಆರಿಸಿದೆ. ‘ಗಾಂಧಾರಿ ಹಾನಗಲ್’ ಎಂದು ಹೆಸರಿದ್ದ 78 ಆರ್‌ಪಿಎಂ ತಟ್ಟೆ ಸಿಕ್ಕಿದ್ದು ಅಲ್ಲಿಯೇ. ನಮ್ಮ ಗಂಗೂಬಾಯಿಯವರು! ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡಿಕೆ. ಗಂಟಲಿನ ಚಿಕಿತ್ಸೆಯಾಗಿ ದನಿ ಗಡಸಾಗುವ ಮೊದಲಿನ ಅವರ ತೆಳುವಾದ ಏರುದನಿಯನ್ನು ಕೇಳಬೇಕೆಂದರೆ ಇಂಥ ತಟ್ಟೆಗಳೇ ಗತಿ.

ಮಗಳ ಪ್ರಶ್ನೆಗೆ ಆಗ ಉತ್ತರ ಕೊಡದಿದ್ದರೂ ನಮ್ಮ ಸೊಸೈಟಿಯಲ್ಲೇ ನಡೆದ ಒಂದು ಸಂಗತಿ ನೆನಪಾಯಿತು. ಹಿರಿಯರೊಬ್ಬರು ತೀರಿಕೊಂಡರು. ವಿದೇಶದಿಂದ ಬಂದ ಮಕ್ಕಳಿಗೆ ಎರಡು ವಾರದಲ್ಲಿ ಫ್ಲ್ಯಾಟ್ ಖಾಲಿ ಮಾಡಬೇಕಿತ್ತು. ರೆಕಾರ್ಡ್‌ಗಳೆಲ್ಲ ರದ್ದಿಯವನಿಗೆ ತೂಕದ ಲೆಕ್ಕದಲ್ಲಿ ಹೋದವು. ನನಗೆ ಗೊತ್ತಾದದ್ದು ವಾಚ್‌ಮನ್ ಸ್ಟೂಲಿನ ಕೆಳಗೆ ಎರಡು ಖಾಲಿ ಕವರ್ ಕಂಡಾಗ. ಮಕ್ಕಳನ್ನು ದೂರುವಂತಿಲ್ಲ. ಯಾವುದು ಏನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಪಟ್ಟಿ ಬರೆಯಲು ಕೂತೆ. ಹಾಡಿದವರು, ರಾಗ, ಕಂಪನಿ, ಲೇಬಲ್ ಮೇಲಿನ ನಂಬರು, ತಟ್ಟೆಯ ಸ್ಥಿತಿ, ಎಲ್ಲಿ ಕೊಂಡೆ ಎಂಬುದು. ಕೊನೆಯ ಕಾಲಂನಲ್ಲಿ ‘ಯಾರಿಗೆ’. ಮೂರು ತಿಂಗಳು ಹಿಡಿಯಿತು. ಮುಂಬಯಿಯ ಮಳೆಗಾಲ ಎಷ್ಟಕ್ಕೆ ಬೂಷ್ಟು ಹಿಡಿಸಿದೆ ಎಂಬುದೂ ಆಗಲೇ ತಿಳಿದದ್ದು. ಇಲ್ಲೊಂದು ಎಚ್ಚರಿಕೆ: ಹಳೆಯ 78ರ ತಟ್ಟೆ ಅರಗಿನದು. ಸ್ಪಿರಿಟ್ ಹಾಕಿ ಒರೆಸಿದರೆ ಅದು ಕರಗಿ ದನಿಯೇ ಹೋಗುತ್ತದೆ.

ಅಪರೂಪದವು ಸಂಗ್ರಹಾಲಯಕ್ಕೆ ಎಂದು ನಿರ್ಧರಿಸಿದ್ದೇನೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಆರಂಭಿಸಿದ ಸಂಗೀತ ದಾಖಲೆಗಳ ಕೇಂದ್ರ ಗುರುಗ್ರಾಮದಲ್ಲಿದೆ. ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡುವ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಬೆಂಗಳೂರಿನದು. ಪೆಟ್ಟಿಗೆ ಹೊತ್ತು ಹೋಗುವ ಮೊದಲು ಪಟ್ಟಿ ಕಳಿಸಬೇಕು. ಅವರಲ್ಲಿ ಈಗಾಗಲೇ ಇರುವುದನ್ನು ಮತ್ತೆ ಕೊಟ್ಟು ಉಪಯೋಗವಿಲ್ಲ. ಕೊಟ್ಟಿದ್ದು ದಾನವೋ, ಜೋಪಾನಕ್ಕೋ, ಕೇಳಬಂದವರಿಗೆ ಕೇಳಿಸುತ್ತಾರೋ ಎಂಬುದು ಕಾಗದದಲ್ಲಿರಲಿ. ತಟ್ಟೆ ನಮ್ಮದಾದ ಮಾತ್ರಕ್ಕೆ ಹಾಡಿನ ಹಕ್ಕು ನಮ್ಮದಲ್ಲ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ.

ಸಿನಿಮಾ ಎಲ್‌ಪಿಗಳು ಹಾಕಿ ಕೇಳುವವರಿಗೆ. ನಮ್ಮ ಕನ್ನಡ ಸಂಘದ ಹುಡುಗನೊಬ್ಬ, ಐಟಿಯವನು, ಹೊಸದಾಗಿ ಪ್ಲೇಯರ್ ಕೊಂಡಿದ್ದ. ಅರವತ್ತು ಕೊಟ್ಟೆ. ಈಗ ರಾತ್ರಿ ಫೋನ್ ಮಾಡಿ ‘ಸರ್, ಇದು ಕೇಳಿದ್ರಾ?’ ಎಂದು ನನ್ನದೇ ರೆಕಾರ್ಡ್ ನನಗೆ ಕೇಳಿಸುತ್ತಾನೆ! ಬದುಕಿದ್ದಾಗಲೇ ಕೊಟ್ಟರೆ ಈ ಸುಖ ಉಂಟು.

ಮಗಳಿಗೆ, ‘ನಿನಗ ಬೇಕಾದ ಹನ್ನೆರಡು ಆರಿಸ್ಕೋ’ ಎಂದೆ. ಮನ್ಸೂರರನ್ನು ಮುಟ್ಟುತ್ತಾಳೆಂದು ಕಾದೆ. ಅವಳು ಮೊದಲು ಎತ್ತಿಕೊಂಡದ್ದು ಗೀರು ಬಿದ್ದು ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳುವ ಹಳೆಯ ಸಿನಿಮಾ ಪ್ಲೇಟು. ‘ಇದು ಸಿಕ್ಕೊಂಡಾಗೆಲ್ಲ ನಾ ಕುಣೀತಿದ್ದೆ, ನೆನಪದ ಏನು?’ ಪಟ್ಟಿಯ ‘ಸ್ಥಿತಿ’ ಕಾಲಂನಲ್ಲಿ ಅದಕ್ಕೆ ನಾನು ‘ಕೆಟ್ಟಿದೆ’ ಎಂದು ಬರೆದಿದ್ದೆ.

ಮೊದಲ ಸಂಬಳದ ಆ ಎಲ್‌ಪಿಯ ಮುಂದೆ ಕೊನೆಯ ಕಾಲಂ ಇನ್ನೂ ಖಾಲಿ ಇದೆ. ಉಳಿದದ್ದೆಲ್ಲ ತುಂಬಿದೆ. ನಿಮ್ಮ ಕಪಾಟಿನಲ್ಲೂ ಇಂಥವಿದ್ದರೆ, ಮಕ್ಕಳು ರಜೆಗೆ ಬಂದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಜೊತೆಗೆ ಕೂತುಕೊಳ್ಳಿ.