ಡಯಾಲಿಸಿಸ್ ರೋಗಿಗಳ ರಕ್ತದಲ್ಲಿ ಮೆಗ್ನೀಷಿಯಂ: ಅಳೆಯುವುದೇಕೆ? ಅದರಿಂದ ತಿಳಿಯುವುದೇನು?

ಮೆಗ್ನೀಷಿಯಂ ಎಂಬ ಹೆಸರು ರೈತ ಬಾಂಧವರಿಗೆ ಹೊಸದಲ್ಲ. ಗಿಡದ ಹಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಗೆ ತಿರುಗಿದರೆ ಅದು ಮೆಗ್ನೀಷಿಯಂ ಕೊರತೆಯ ಗುರುತೆಂದು ಕೃಷಿ ಇಲಾಖೆಯವರು ಹೇಳುವುದನ್ನು ತಾವು ಕೇಳಿರಬಹುದು. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನಲ್ಲಿ ಇರುವುದು ಈ ಲೋಹವೇ. ಮನುಷ್ಯನ ಶರೀರಕ್ಕೂ ಇದು ಬೇಕು. ಮಾಂಸಖಂಡಗಳು ಬಿಗಿದು ಸಡಿಲವಾಗುವುದಕ್ಕೂ, ನರಗಳ ಕೆಲಸಕ್ಕೂ, ಹೃದಯದ ಬಡಿತ ಕ್ರಮವಾಗಿ ನಡೆಯುವುದಕ್ಕೂ ಇದು ಅವಶ್ಯಕ. ಆದರೆ ಬೆಳೆಗೆ ಹೇಗೋ ಶರೀರಕ್ಕೂ ಹಾಗೆಯೇ. ಕಡಿಮೆಯಾದರೂ ಹಾನಿ, ಮಿತಿಮೀರಿದರೂ ಹಾನಿ.

ಆರೋಗ್ಯವಂತರಲ್ಲಿ ಈ ಲೆಕ್ಕವನ್ನು ಮೂತ್ರಪಿಂಡಗಳು, ಅಂದರೆ ಕಿಡ್ನಿಗಳು, ನೋಡಿಕೊಳ್ಳುವುವು. ಕಿಡ್ನಿ ಕೆಟ್ಟು ಡಯಾಲಿಸಿಸ್ಸಿಗೆ ಹೋಗುತ್ತಿರುವವರಲ್ಲಿ ಆ ಲೆಕ್ಕ ಇಡುವವರೇ ಇಲ್ಲದಂತಾಗುವುದು. ಅಂಥ ರೋಗಿಗಳು ಇರುವ ಮನೆಯವರು ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಮೂತ್ರಪಿಂಡದ ಕೆಲಸ, ಯಂತ್ರದ ಕೆಲಸ

ದೊಡ್ಡವರ ಶರೀರದಲ್ಲಿ ಒಟ್ಟು ಸುಮಾರು ೨೫ ಗ್ರಾಂ ಮೆಗ್ನೀಷಿಯಂ ಇರುವುದು. ಅರ್ಧಕ್ಕಿಂತ ಹೆಚ್ಚು ಪಾಲು ಮೂಳೆಗಳಲ್ಲಿ, ಉಳಿದುದರಲ್ಲಿ ಬಹುಭಾಗ ಮಾಂಸಖಂಡಗಳಲ್ಲಿ. ರಕ್ತದ ನೀರಿನ ಭಾಗದಲ್ಲಿ, ಅಂದರೆ ಸೀರಂನಲ್ಲಿ, ಇರುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಹೃದಯ ಮತ್ತು ನರಗಳಿಗೆ ತಟ್ಟುವುದು ಈ ಅಲ್ಪ ಭಾಗದ ಏರುಪೇರೇ. ಊಟದಿಂದ ಒಳಕ್ಕೆ ಬಂದುದರಲ್ಲಿ ಹೆಚ್ಚಾದುದನ್ನು ಮೂತ್ರಪಿಂಡಗಳು ದಿನಕ್ಕೆ ಸುಮಾರು ೧೦೦ ಮಿಲಿಗ್ರಾಂನಷ್ಟು ಮೂತ್ರದಲ್ಲಿ ಹೊರಗೆ ಕಳುಹಿಸುವುವು. ಕೊರತೆ ಕಂಡಾಗ ಬಿಗಿಹಿಡಿದು ಉಳಿಸಿಕೊಳ್ಳುವುವು.

ಡಯಾಲಿಸಿಸ್ ಯಂತ್ರವನ್ನು ಮೊದಲು ಮಾಡಿದವರಲ್ಲಿ ಮುಖ್ಯರು ನೆದರ್ಲೆಂಡ್ಸ್ ದೇಶದ ಡಾಕ್ಟರ್ ವಿಲ್ಲೆಮ್ ಕೋಲ್ಫ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ಅವರು ಮರದ ಪಟ್ಟಿಗಳ ಉರುಳೆಗೆ ಸೆಲ್ಲೋಫೇನ್ ಕೊಳವೆ ಸುತ್ತಿ ಕೃತಕ ಮೂತ್ರಪಿಂಡವನ್ನು ನಿರ್ಮಿಸಿದರು. ಯಂತ್ರ ಇಂದು ಬಹಳ ಸುಧಾರಿಸಿದೆ. ತತ್ವ ಮಾತ್ರ ಅದೇ. ತೆಳ್ಳನೆಯ ಪೊರೆಯ ಒಂದು ಕಡೆ ರೋಗಿಯ ರಕ್ತ ಹರಿಯುವುದು. ಇನ್ನೊಂದು ಕಡೆ ಲವಣಗಳನ್ನು ಬೆರೆಸಿದ ಶುದ್ಧ ನೀರು ಹರಿಯುವುದು. ಎರಡು ಕೆರೆಗಳ ನಡುವೆ ತೂಬು ತೆಗೆದರೆ ನೀರು ಎತ್ತರದ ಕಡೆಯಿಂದ ತಗ್ಗಿನ ಕಡೆಗೆ ಹರಿಯುವುದಷ್ಟೆ! ಹಾಗೆಯೇ ಲವಣಗಳೂ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುವುವು. ಆದುದರಿಂದ ರೋಗಿಯ ರಕ್ತದಲ್ಲಿ ಎಷ್ಟು ಮೆಗ್ನೀಷಿಯಂ ಉಳಿಯುವುದೆಂಬುದು ಆ ದ್ರಾವಣದಲ್ಲಿ ಎಷ್ಟು ಬೆರೆಸಿದ್ದಾರೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಇನ್ನೊಂದು ಮಾತು. ಮೂತ್ರಪಿಂಡಗಳು ವಾರದ ೧೬೮ ಗಂಟೆಯೂ ದುಡಿಯುವುವು. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆಯಂತೆ ನಡೆಯುವ ಡಯಾಲಿಸಿಸ್ ಕೇವಲ ೧೨ ಗಂಟೆಯ ಕೆಲಸ. ಉಳಿದ ೧೫೬ ಗಂಟೆಗಳಲ್ಲಿ ಬಾಯಿಯ ಮೂಲಕ ಒಳಕ್ಕೆ ಹೋದುದು ಒಳಗೇ ಕೂಡಿಬೀಳುವುದು. ವಾರಕ್ಕೆ ಎರಡೇ ಸಲ ಹೋಗುವವರಲ್ಲಿ ಈ ಅವಧಿ ಇನ್ನೂ ದೀರ್ಘ.

ಹೆಚ್ಚಾದರೆ ಏನಾಗುವುದು?

ಮೊದಲು ಓಕರಿಕೆ, ಮುಖ ಕೆಂಪೇರುವುದು, ಮೈಯೆಲ್ಲ ಸೋತಂತಾಗುವುದು, ತೂಕಡಿಕೆ. ಇನ್ನೂ ಹೆಚ್ಚಾದರೆ ರಕ್ತದ ಒತ್ತಡ ಇಳಿಯುವುದು, ನಾಡಿ ನಿಧಾನವಾಗುವುದು. ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರೂ ಕಾಲು ಒದೆಯದಂತಾಗುವುದು. ಅತಿಯಾದಾಗ ಉಸಿರಾಟವೂ ಹೃದಯವೂ ನಿಂತುಹೋಗುವ ಅಪಾಯ ಉಂಟು. ಇಂಥ ಸ್ಥಿತಿಯಲ್ಲಿ ಆಸ್ಪತ್ರೆಯವರು ರಕ್ತನಾಳಕ್ಕೆ ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟು, ಡಯಾಲಿಸಿಸ್ ಮಾಡಿ ಹೆಚ್ಚಿನ ಅಂಶವನ್ನು ಹೊರತೆಗೆಯುವರು.

ಇಷ್ಟು ಹೆಚ್ಚಾಗುವುದು ಊಟದಿಂದಲ್ಲ, ಸಾಮಾನ್ಯವಾಗಿ ಔಷಧದಿಂದ. ಹೊಟ್ಟೆಯುರಿಗೆಂದು ಅಂಗಡಿಯಲ್ಲಿ ಸಿಗುವ ಅನೇಕ ದ್ರವಗಳಲ್ಲಿ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಇರುವುದು. ಮಲಬದ್ಧತೆಗೆ ಕೊಡುವ ಮಿಲ್ಕ್ ಆಫ್ ಮೆಗ್ನೀಷಿಯಾ ಎಂಬುದೂ ಅದೇ. ಹಿಂದಿನವರು ಭೇದಿಗಾಗಿ ಕುಡಿಯುತ್ತಿದ್ದ ಎಪ್ಸಮ್ ಉಪ್ಪು ಎಂದರೆ ಮೆಗ್ನೀಷಿಯಂ ಸಲ್ಫೇಟ್; ತೋಟಕ್ಕೆ ಹಾಕಲು ಚೀಲದಲ್ಲಿ ತರುವ ಗೊಬ್ಬರದ ಲವಣವೂ ಅದೇ ಜಾತಿಯದು. ಕಿಡ್ನಿ ಸರಿಯಿದ್ದವರು ಇಂಥ ಔಷಧ ಕುಡಿದರೆ ಹೆಚ್ಚಾದುದು ಮೂತ್ರದಲ್ಲಿ ಹೋಗಿಬಿಡುವುದು. ಡಯಾಲಿಸಿಸ್ ರೋಗಿ ಕುಡಿದರೆ ಹೋಗಲು ದಾರಿಯಿಲ್ಲ. ನೆರೆಮನೆಯವರಿಗೆ ಗುಣಕೊಟ್ಟ ಔಷಧವೇ ಇವರಿಗೆ ವಿಷವಾಗುವುದು ಹೀಗೆ.

ಕಡಿಮೆಯಾದರೆ?

ಸ್ನಾಯು ಸೆಳೆತ, ಕೈನಡುಕ, ಹೃದಯದ ಬಡಿತ ತಪ್ಪುವುದು, ಕೆಲವೊಮ್ಮೆ ಫಿಟ್ಸ್ ಬರುವುದು ಕೊರತೆಯ ಲಕ್ಷಣಗಳು. ಮೆಗ್ನೀಷಿಯಂ ಬಹಳ ಇಳಿದಿದ್ದರೆ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂಗಳೂ ಇಳಿಯುವುವು; ಅವನ್ನಷ್ಟೇ ಕೊಟ್ಟರೆ ಮೇಲೇರುವುದಿಲ್ಲ. ಆದರೆ ಡಯಾಲಿಸಿಸ್ ನಡೆಯುವಾಗ ಬರುವ ಕಾಲುಸೆಳೆತವೆಲ್ಲ ಮೆಗ್ನೀಷಿಯಂ ಕೊರತೆಯಿಂದಲೇ ಎಂದು ಭಾವಿಸಬಾರದು. ಎರಡು ಸರದಿಗಳ ನಡುವೆ ಹೆಚ್ಚು ನೀರು ಕುಡಿದು, ಅದನ್ನು ಯಂತ್ರ ಬೇಗ ಬೇಗ ತೆಗೆಯಬೇಕಾಗಿ ಬರುವುದೇ ಅದಕ್ಕೆ ಹೆಚ್ಚಾಗಿ ಕಾರಣ.

ಊಟ ಸೇರದಿರುವುದು, ಬಹುಕಾಲದ ಭೇದಿ, ಮದ್ಯಪಾನ, ದ್ರಾವಣದಲ್ಲಿ ಮೆಗ್ನೀಷಿಯಂ ತೀರ ಕಡಿಮೆ ಇರುವುದು: ಇವು ಕೊರತೆಗೆ ಕಾರಣಗಳು. ಒಮಿಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದ ಗ್ಯಾಸ್ಟ್ರಿಕ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವುದರಿಂದಲೂ ಮೆಗ್ನೀಷಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೧ರಲ್ಲಿ ಎಚ್ಚರಿಕೆ ಕೊಟ್ಟಿತು. ವಿಚಿತ್ರ ನೋಡಿ: ಕಾಯಿಲೆ ಒಂದೇ, ಹೊಟ್ಟೆಯುರಿ. ಅದಕ್ಕೆ ಕುಡಿಯುವ ದ್ರವ ಮೆಗ್ನೀಷಿಯಂ ಏರಿಸಬಹುದು. ನುಂಗುವ ಮಾತ್ರೆ ಇಳಿಸಬಹುದು. ರೋಗಿ ಯಾವುದನ್ನು ತೆಗೆದುಕೊಳ್ಳುತ್ತಿದ್ದಾರೆಂದು ಡಾಕ್ಟರಿಗೆ ತಿಳಿಯದಿದ್ದರೆ ವರದಿಯ ಅರ್ಥವೂ ತಿಳಿಯದು.

ರಕ್ತದ ಮಾದರಿ, ಮಣ್ಣಿನ ಮಾದರಿಯಂತೆ

ಮಣ್ಣು ಪರೀಕ್ಷೆಗೆ ಬದುವಿನ ಮೇಲಿಂದಲೋ ಗೊಬ್ಬರದ ರಾಶಿಯ ಪಕ್ಕದಿಂದಲೋ ಮಾದರಿ ತೆಗೆಯಬಾರದೆಂದು ತಮಗೆ ಗೊತ್ತು. ಮಾದರಿ ಕೆಟ್ಟರೆ ಪರೀಕ್ಷೆಯೂ ಕೆಟ್ಟಂತೆಯೇ. ರಕ್ತಕ್ಕೂ ಇದೇ ನಿಯಮ.

ಮಾದರಿಯನ್ನು ಡಯಾಲಿಸಿಸ್ ಆರಂಭವಾಗುವುದಕ್ಕೆ ಮೊದಲು, ಸಲೈನ್ ಅಥವಾ ಹೆಪಾರಿನ್ ಬೆರೆಯುವುದಕ್ಕೆ ಮುಂಚೆ ತೆಗೆಯತಕ್ಕದ್ದು. ಯಂತ್ರ ಓಡಿದ ಮೇಲೆ ತೆಗೆದರೆ ರಕ್ತದ ಮಟ್ಟ ದ್ರಾವಣದ ಮಟ್ಟದ ಕಡೆಗೆ ಸರಿದಿರುವುದು; ಕೆಲವು ಗಂಟೆಗಳ ನಂತರ ಮತ್ತೆ ಬದಲಾಗುವುದು. ಇ.ಡಿ.ಟಿ.ಎ. ಎಂಬ ರಾಸಾಯನಿಕ ಹಾಕಿದ ಕೊಳವೆಯಲ್ಲಿ ಈ ಪರೀಕ್ಷೆಗೆ ರಕ್ತ ಹಿಡಿಯಬಾರದು. ಅದು ಮೆಗ್ನೀಷಿಯಮ್ಮನ್ನು ಕಟ್ಟಿಹಾಕುವುದು. ರಕ್ತದ ಕೆಂಪು ಕಣಗಳ ಒಳಗೆ ಸೀರಂನಲ್ಲಿರುವುದಕ್ಕಿಂತ ಹೆಚ್ಚು ಮೆಗ್ನೀಷಿಯಂ ಇರುವುದು. ಆದುದರಿಂದ ರಕ್ತವನ್ನು ಜೋರಾಗಿ ಎಳೆದು, ಕೊಳವೆಯನ್ನು ಕುಲುಕಿ ಕಣಗಳು ಒಡೆದರೆ ಸುಳ್ಳೇ ಹೆಚ್ಚು ತೋರುವುದು. ಪ್ರಯೋಗಶಾಲೆಯವರು ಮತ್ತೊಮ್ಮೆ ರಕ್ತ ಕೇಳಿದರೆ ಬೇಸರಪಡಬಾರದು, ಕಾರಣ ಇದಿರಬಹುದು.

ಪ್ರಯೋಗಶಾಲೆಯಲ್ಲಿ ಸೀರಂ ಬೇರ್ಪಡಿಸಿ, ಅದಕ್ಕೆ ಮೆಗ್ನೀಷಿಯಂನೊಡನೆ ಕೂಡಿ ಬಣ್ಣ ಬದಲಿಸುವ ವರ್ಣದ್ರವ್ಯವನ್ನು ಸೇರಿಸುವರು. ಬಣ್ಣ ಎಷ್ಟು ಬದಲಾಯಿತೆಂಬುದನ್ನು ಯಂತ್ರ ಬೆಳಕಿನ ಸಹಾಯದಿಂದ ಅಳೆದು ಪ್ರಮಾಣ ಹೇಳುವುದು.

ವರದಿ ಓದುವ ಬಗೆ

ಆರೋಗ್ಯವಂತರಲ್ಲಿ ೧೦೦ ಮಿಲಿಲೀಟರು ಸೀರಂಗೆ ಸುಮಾರು ೧.೭ರಿಂದ ೨.೪ ಮಿಲಿಗ್ರಾಂ ಮೆಗ್ನೀಷಿಯಂ ಇರುವುದು. ಪ್ರಯೋಗಶಾಲೆಗಳ ನಡುವೆ ಸ್ವಲ್ಪ ವ್ಯತ್ಯಾಸ ಉಂಟು. ವರದಿಯಲ್ಲೇ ಅಚ್ಚಾಗಿರುವ ಮಿತಿಯನ್ನು ನೋಡತಕ್ಕದ್ದು. ಇಲ್ಲಿ ಅನೇಕರು ಮೋಸಹೋಗುವರು. ಸೇರು, ಕಿಲೋ, ಪೌಂಡು ಬೇರೆ ಬೇರೆಯಾಗಿರುವಂತೆ ಮೆಗ್ನೀಷಿಯಂಗೂ ಮೂರು ಅಳತೆಗಳಿವೆ. ಒಂದು ಲೀಟರಿಗೆ ೧ ಮಿಲಿಮೋಲ್, ಒಂದು ಲೀಟರಿಗೆ ೨ ಮಿಲಿ ಈಕ್ವಿವಲೆಂಟ್, ೧೦೦ ಮಿಲಿಲೀಟರಿಗೆ ೨.೪ ಮಿಲಿಗ್ರಾಂ: ಮೂರೂ ಒಂದೇ. ಒಂದು ಆಸ್ಪತ್ರೆಯ ವರದಿಯಲ್ಲಿ ೨.೪ ಇದ್ದು ಮತ್ತೊಂದರಲ್ಲಿ ೧.೦ ಇದ್ದರೆ ಇಳಿದುಹೋಯಿತೆಂದು ಗಾಬರಿಪಡುವ ಮೊದಲು ಪಕ್ಕದಲ್ಲಿ ಬರೆದಿರುವ ಅಳತೆಯನ್ನು ನೋಡಿ.

ಡಯಾಲಿಸಿಸ್ ರೋಗಿಗಳಲ್ಲಿ ಮಟ್ಟ ಆರೋಗ್ಯವಂತರಿಗಿಂತ ತುಸು ಮೇಲಿರುವುದು ಸಾಮಾನ್ಯ. ಜಪಾನಿನಲ್ಲಿ ೧ ಲಕ್ಷ ೪೨ ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ದಾಖಲೆ ಪರಿಶೀಲಿಸಿ ೨೦೧೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೆಗ್ನೀಷಿಯಂ ಕಡಿಮೆ ಇದ್ದವರಲ್ಲೂ ಬಹಳ ಹೆಚ್ಚಿದ್ದವರಲ್ಲೂ ಸಾವು ಹೆಚ್ಚು. ತುಸು ಮೇಲಿದ್ದವರಲ್ಲಿ ಕಡಿಮೆ ಎಂದು ಕಂಡುಬಂದಿತು. ಆದರೆ ಇದನ್ನು ಕೇಳಿ ಮೆಗ್ನೀಷಿಯಂ ಮಾತ್ರೆ ತಂದು ನುಂಗಬಾರದು. ಊಟ ಸೇರದೆ ಬಡಕಲಾದವರಲ್ಲೂ ಮಟ್ಟ ಇಳಿದಿರುವುದು. ಸಾವಿಗೆ ಕಾರಣ ಆ ನಿತ್ರಾಣವೋ ಮೆಗ್ನೀಷಿಯಮ್ಮೋ ಎಂಬುದನ್ನು ಇಂಥ ಲೆಕ್ಕ ಮಾತ್ರದಿಂದ ಬೇರ್ಪಡಿಸಿ ಹೇಳಲಾಗದು.

ಗಡಸು ನೀರಿನ ಪಾಠ

ಕೊಳವೆ ಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆ ಬಿಡದು. ಆ ಗಡಸಿಗೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ಸಿಗೆ ಸುಮಾರು ೧೨೦ ಲೀಟರು ದ್ರಾವಣ ಬೇಕಾಗುವುದು. ನೀರನ್ನು ಸರಿಯಾಗಿ ಶುದ್ಧಮಾಡದಿದ್ದರೆ ಆ ಲವಣಗಳು ನೇರವಾಗಿ ರೋಗಿಯ ರಕ್ತ ಸೇರುವುವು. ನೀರು ಮೆದುಗೊಳಿಸುವ ಉಪಕರಣ ಕೆಟ್ಟಾಗ ರೋಗಿಗಳಿಗೆ ಓಕರಿಕೆ, ವಾಂತಿ, ನಿಶ್ಶಕ್ತಿ ಉಂಟಾದುದನ್ನು ಅಮೆರಿಕದ ವೈದ್ಯರು ೧೯೬೭ರಲ್ಲಿ ವರದಿ ಮಾಡಿ ಅದಕ್ಕೆ ಗಡಸು ನೀರಿನ ಬೇನೆ ಎಂದೇ ಹೆಸರಿಟ್ಟರು. ಆದುದರಿಂದಲೇ ಡಯಾಲಿಸಿಸ್ ಕೇಂದ್ರಗಳಲ್ಲಿ ಆರ್.ಓ. ಘಟಕವಿದ್ದು, ನೀರನ್ನು ಆಗಾಗ್ಗೆ ಪರೀಕ್ಷಿಸತಕ್ಕದ್ದು. ಒಂದೇ ಸರದಿಯ ಹಲವರಿಗೆ ಒಟ್ಟಿಗೆ ಇಂಥ ಬಾಧೆ ಬಂದರೆ ಸಿಬ್ಬಂದಿಗೆ ಕೂಡಲೆ ತಿಳಿಸಬೇಕು.

ಮನೆಯವರು ಗಮನಿಸತಕ್ಕ ಅಂಶಗಳು

೧. ಹೊಟ್ಟೆಯುರಿ, ಮಲಬದ್ಧತೆಗೆ ಅಂಗಡಿಯಿಂದ ಔಷಧ ತಂದು ಕೊಡಬೇಡಿ. ರೋಗಿ ಡಯಾಲಿಸಿಸ್ಸಿಗೆ ಹೋಗುವರೆಂದು ಪ್ರತಿಯೊಬ್ಬ ಡಾಕ್ಟರಿಗೂ ಔಷಧದಂಗಡಿಯವರಿಗೂ ಮೊದಲೇ ಹೇಳಿ.

೨. ಸೇವಿಸುತ್ತಿರುವ ಎಲ್ಲ ಮಾತ್ರೆ, ದ್ರವ, ನಾಟಿ ಔಷಧಗಳನ್ನು ಒಂದು ಚೀಲದಲ್ಲಿ ಹಾಕಿ ತೋರಿಸಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಮುಂದುವರಿಸಬೇಕೇ ಎಂದು ಕೇಳಿ.

೩. ರಾಗಿ, ಸೊಪ್ಪು, ಕಾಳುಗಳಲ್ಲಿ ಮೆಗ್ನೀಷಿಯಂ ಉಂಟೆಂದು ಹೆದರಿ ಊಟ ಬಿಡಿಸಬೇಡಿ. ಪಥ್ಯವನ್ನು ಪೊಟ್ಯಾಸಿಯಂ, ರಂಜಕಗಳನ್ನೂ ನೋಡಿ ವೈದ್ಯರು ಗೊತ್ತುಮಾಡುವರು.

೪. ಮೆಗ್ನೀಷಿಯಂ ಪರೀಕ್ಷೆ ಪ್ರತಿ ತಿಂಗಳ ಪರೀಕ್ಷೆಗಳಲ್ಲಿ ಸೇರಿರದೆ ಇರಬಹುದು. ಎದೆಬಡಿತ ತಪ್ಪುವುದು, ಬಿಡದ ಸೆಳೆತ, ನಡುಕ, ಬಹುದಿನದ ಭೇದಿ ಇದ್ದರೆ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ವಿಚಾರಿಸಿ.

೫. ವರದಿಗಳನ್ನು ತಾರೀಖಿನ ಪ್ರಕಾರ ಒಂದೇ ಕಡತದಲ್ಲಿಡಿ. ಒಂದು ವರದಿಗಿಂತ ಆರು ವರದಿಗಳ ಏರಿಳಿತ ಹೆಚ್ಚು ತಿಳಿಸುವುದು.

೬. ಸುಗ್ಗಿ, ಬಿತ್ತನೆ, ಜಾತ್ರೆ ಯಾವುದೇ ಇರಲಿ, ಸರದಿ ತಪ್ಪಿಸಬೇಡಿ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡ ಕುಟುಂಬದವರಿಗೆ ಉಚಿತ ಸೇವೆ ಉಂಟು. ಆಶಾ ಕಾರ್ಯಕರ್ತೆಯರನ್ನೋ ಸರ್ಕಾರಿ ಆಸ್ಪತ್ರೆಯನ್ನೋ ವಿಚಾರಿಸಿ.

೭. ಅತಿಯಾದ ತೂಕಡಿಕೆ, ಕೈಕಾಲು ಬಲಹೀನತೆ, ನಾಡಿ ನಿಧಾನ, ಉಸಿರಾಟದ ತೊಂದರೆ ಕಂಡರೆ ಮುಂದಿನ ಸರದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ೧೦೮ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುವುದು.