ಯಾವ ಅವತಾರ ಮೊದಲು, ಯಾವುದು ಆಮೇಲೆ?

ಸೋದರಿಯರೇ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಪ್ರಶ್ನೆ ನಿಮ್ಮ ಕಿವಿಗೂ ಬಿದ್ದಿರಬೇಕು: “ಅವ್ವಾ, ಇದರಾಗ ಯಾವ್ದು ಮೊದಲ ನೋಡಬೇಕು?” ನಾವು ಸಣ್ಣವರಿದ್ದಾಗ ಒಂದು ಸಿನಿಮಾ ಎಂದರೆ ಒಂದು ಕಥೆ. ಮೂರು ತಾಸಿಗೆ ‘ಶುಭಂ’ ಅಂತ ಬಂತು, ಎದ್ದು ಮನೆಗೆ ಬಂದೆವು. ಈಗ ಹಾಗಲ್ಲ. ಒಂದು ಚಿತ್ರದ ವೀರ ಇನ್ನೊಂದರಲ್ಲಿ ಬರುತ್ತಾನೆ, ಇಲ್ಲಿ ಹತ್ತಿದ ಜಗಳ ಅಲ್ಲಿ ತೀರುತ್ತದೆ. ಹತ್ತಿಪ್ಪತ್ತು ಚಿತ್ರ ಸೇರಿ ಒಂದೇ ಲೋಕ.

ಹೊರದೇಶದ ಮಾರ್ವೆಲ್ ಕಂಪನಿಯ ಚಿತ್ರಗಳನ್ನೇ ನೋಡಿರಿ. ‘ಐರನ್ ಮ್ಯಾನ್’ 2008ರಲ್ಲಿ ಬಂತು. ‘ಕ್ಯಾಪ್ಟನ್ ಅಮೇರಿಕಾ’ ಬಂದದ್ದು 2011ರಲ್ಲಿ, ಆದರೆ ಅದರ ಕಥೆ ಎರಡನೆಯ ಮಹಾಯುದ್ಧದ ಕಾಲದ್ದು. ‘ಬ್ಲ್ಯಾಕ್ ವಿಡೋ’ ಎಂಬಾಕೆ 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರದಲ್ಲಿ ಪ್ರಾಣ ಬಿಡುತ್ತಾಳೆ, ಅವಳ ಹೆಸರಿನ ಚಿತ್ರ ಬಂದದ್ದು 2021ರಲ್ಲಿ! ಹೀಗಾಗಿ ಮಕ್ಕಳು ಎರಡು ಪಟ್ಟಿ ಇಟ್ಟುಕೊಳ್ಳುತ್ತಾರೆ. ಒಂದು, ಚಿತ್ರ ತೆರೆಗೆ ಬಂದ ಕ್ರಮ. ಇನ್ನೊಂದು, ಕಥೆ ನಡೆದ ಕ್ರಮ.

ಇದು ಮಕ್ಕಳ ಗೊಡವೆ, ನಮಗ್ಯಾಕೆ ಎನ್ನಬೇಡಿ. ಈ ಲೆಕ್ಕ ಈಗ ನಮ್ಮ ದೇವರ ಮನೆಯ ಬಾಗಿಲಿಗೇ ಬಂದಿದೆ.

2025ರ ಜುಲೈ 25ರಂದು ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲೂ ತೆರೆಕಂಡಿತು. ನಿರ್ದೇಶಕರು ಅಶ್ವಿನ್ ಕುಮಾರ್. ಅರ್ಪಿಸಿದವರು ‘ಕೆ.ಜಿ.ಎಫ್’, ‘ಕಾಂತಾರ’ ಮಾಡಿದ ನಮ್ಮ ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು. ಇದು ಒಂಟಿ ಚಿತ್ರವಲ್ಲ. ವಿಷ್ಣುವಿನ ಅವತಾರಗಳ ಮೇಲೆ ಏಳು ಚಿತ್ರ ಮಾಡುವುದಾಗಿ ಅವರು ಅದೇ ವರ್ಷ ಪ್ರಕಟಿಸಿದರು. ಆ ಯೋಜನೆ ಹೀಗಿದೆ: 2027ರಲ್ಲಿ ಪರಶುರಾಮ, 2029ರಲ್ಲಿ ರಘುನಂದನ, 2031ರಲ್ಲಿ ದ್ವಾರಕಾಧೀಶ, 2033ರಲ್ಲಿ ಗೋಕುಲಾನಂದ, 2035 ಮತ್ತು 2037ರಲ್ಲಿ ಕಲ್ಕಿ ಎರಡು ಭಾಗ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿರಿ. ದ್ವಾರಕಾಧೀಶ ಮೊದಲು, ಗೋಕುಲಾನಂದ ಆಮೇಲೆ! ಬೆಣ್ಣೆ ಕದಿಯುವ ಕೂಸಿಗಿಂತ ಮೊದಲೇ ದ್ವಾರಕೆಯ ಅರಸ ಬರುತ್ತಾನೆ. ಇದನ್ನು ಕೇಳಿ ನನ್ನ ಮಗ, “ಹಂಗಾರ ಕೃಷ್ಣ ಮೊದಲ ರಾಜ ಆಗಿ ಆಮ್ಯಾಲೆ ಸಣ್ಣಾಂವ ಆಗ್ತಾನೇನಬೇ?” ಎಂದು ನಕ್ಕ. ನಾವೂ ನಕ್ಕೆವು. ಆದರೆ ಇಂದು ತೊಟ್ಟಿಲಲ್ಲಿರುವ ಕೂಸಿಗೆ 2031ರಲ್ಲಿ ಐದಾರು ವರ್ಷ. ಕೃಷ್ಣನ ಕಥೆ ಅದಕ್ಕೆ ಆ ಚಿತ್ರದಿಂದಲೇ ಶುರುವಾದರೆ? ಹಿಂದೆ ಮುಂದೆ ಜೋಡಿಸಿ ಹೇಳುವವರು ಮನೆಯಲ್ಲೇ ಬೇಕು.

ಹೇಳುವುದು ಕಷ್ಟವಲ್ಲ. ಮೂರು ಗುರುತು ನೆನಪಿದ್ದರೆ ಸಾಕು.

ಮೊದಲ ಗುರುತು ಯುಗ. ನರಸಿಂಹ ಕೃತಯುಗದವನು. ಪರಶುರಾಮ, ಶ್ರೀರಾಮ ತ್ರೇತಾಯುಗದವರು. ಕೃಷ್ಣ ದ್ವಾಪರದವನು. ಕಲ್ಕಿ ಕಲಿಯುಗದ ಕೊನೆಗೆ ಬರಬೇಕಾದವನು. ಯುಗಗಳ ಲೆಕ್ಕವೂ ಸುಲಭ. ಕಲಿಯುಗಕ್ಕೆ 4,32,000 ವರ್ಷ. ಅದರ ಎರಡರಷ್ಟು ದ್ವಾಪರ, ಮೂರರಷ್ಟು ತ್ರೇತಾ, ನಾಲ್ಕರಷ್ಟು ಕೃತ.

ಎರಡನೆಯ ಗುರುತು ವೈಕುಂಠದ ಬಾಗಿಲು ಕಾಯುವ ಜಯ ವಿಜಯರು. ಇದನ್ನು ನಮ್ಮ ಮನೆಯಲ್ಲಿ ಹೇಳಿದವರು ಅತ್ತೆಯವರು. ಅವರಿಗೆ ಓದು ಬರಹ ಬಾರದು, ಪುರಾಣ ಕೇಳಿ ಕೇಳಿಯೇ ಕಲಿತವರು. ಸನಕಾದಿ ಋಷಿಗಳನ್ನು ಒಳಗೆ ಬಿಡದೆ ಈ ಇಬ್ಬರು ಶಾಪಕ್ಕೆ ಗುರಿಯಾದರು. ಏಳು ಜನ್ಮ ಭಕ್ತರಾಗಿ ಇರುತ್ತೀರೋ, ಮೂರು ಜನ್ಮ ವೈರಿಗಳಾಗಿ ಇರುತ್ತೀರೋ ಎಂದಾಗ, ಬೇಗ ತಿರುಗಿ ಬರಬಹುದೆಂದು ಮೂರನ್ನೇ ಬೇಡಿದರು. ಕೃತಯುಗದಲ್ಲಿ ಹಿರಣ್ಯಾಕ್ಷ ಹಿರಣ್ಯಕಶಿಪು, ತ್ರೇತಾಯುಗದಲ್ಲಿ ರಾವಣ ಕುಂಭಕರ್ಣ, ದ್ವಾಪರದಲ್ಲಿ ಶಿಶುಪಾಲ ದಂತವಕ್ರ. ವೈರಿಗಳ ಈ ಮೂರು ಜೋಡಿ ಗೊತ್ತಿದ್ದರೆ ಅವತಾರಗಳ ಕ್ರಮ ತಪ್ಪುವುದೇ ಇಲ್ಲ.

ಇಲ್ಲೊಂದು ಮೋಜು ಕೇಳಿರಿ. ನಮ್ಮ ಡಾ. ರಾಜಕುಮಾರ್ ‘ಭೂಕೈಲಾಸ’ದಲ್ಲಿ ರಾವಣನಾದದ್ದು 1958ರಲ್ಲಿ. ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು ಆದದ್ದು 1983ರಲ್ಲಿ, ಬಾಲಕ ಪುನೀತ್ ಅದರಲ್ಲಿ ಪ್ರಹ್ಲಾದ. ಅಂದರೆ ಮುಂದಿನ ಜನ್ಮ ಇಪ್ಪತ್ತೈದು ವರ್ಷ ಮೊದಲೇ ತೆರೆಗೆ ಬಂದಿತ್ತು! ನಡುವೆ 1977ರ ‘ಬಭ್ರುವಾಹನ’ ಕುರುಕ್ಷೇತ್ರ ಯುದ್ಧ ಮುಗಿದ ಮೇಲಿನ ಕಥೆ. ನಾವು ಅವನ್ನೆಲ್ಲ ಹಿಂದುಮುಂದಾಗಿ ನೋಡಿದೆವು, ಆದರೂ ಗೊಂದಲವಾಗಲಿಲ್ಲ. ಕ್ರಮ ನಮ್ಮ ತಲೆಯಲ್ಲಿ ಮೊದಲೇ ಇತ್ತು.

ಮೂರನೆಯ ಗುರುತು, ಒಂದು ಕಥೆಯಿಂದ ಇನ್ನೊಂದಕ್ಕೆ ದಾಟಿ ಬರುವವರು. ಶಿವಧನುಸ್ಸು ಮುರಿದ ರಾಮನಿಗೆ ಎದುರಾದ ಪರಶುರಾಮನೇ ಮುಂದೆ ಭೀಷ್ಮ, ದ್ರೋಣ, ಕರ್ಣರಿಗೆ ಗುರು. ದ್ರೌಪದಿಗೆ ಸೌಗಂಧಿಕಾ ಹೂವು ತರಲು ಹೊರಟ ಭೀಮನ ದಾರಿಗೆ ಬಾಲ ಚಾಚಿ ಮಲಗಿದವನು ಹನುಮಂತ. ಚೌತಿಯ ದಿನ ಚಂದ್ರನನ್ನು ನೋಡಿದ ದೋಷಕ್ಕೆ ಶಮಂತಕ ಮಣಿಯ ಕಥೆ ಹೇಳುತ್ತೇವಲ್ಲ, ಅದರಲ್ಲಿ ಕೃಷ್ಣನೊಡನೆ 28 ದಿನ ಕಾದಾಡಿ ಕೊನೆಗೆ ಮಗಳನ್ನು ಕೊಟ್ಟ ಜಾಂಬವಂತ ರಾಮನ ಸೈನ್ಯದವನೇ. ಮಾರ್ವೆಲ್ ಚಿತ್ರದಲ್ಲಿ ಇಂಥದ್ದು ಬಂದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ನಾವು ಅಕ್ಷತೆ ಹಾಕಿ ಸುಮ್ಮನಾಗುತ್ತೇವೆ.

ಇನ್ನೊಂದು ಮಾತು. ಹಬ್ಬದ ಕ್ರಮವನ್ನು ಕಥೆಯ ಕ್ರಮ ಎಂದು ಹೇಳಿಕೊಡಬೇಡಿರಿ. ಪಂಚಾಂಗದಲ್ಲಿ ಚೈತ್ರಕ್ಕೆ ರಾಮನವಮಿ, ವೈಶಾಖದ ತದಿಗೆಗೆ ಪರಶುರಾಮ ಜಯಂತಿ, ಚತುರ್ದಶಿಗೆ ನರಸಿಂಹ ಜಯಂತಿ. ಕಥೆಯಲ್ಲಿ ಈ ಮೂರೂ ಸರಿಯಾಗಿ ತಿರುವು ಮುರುವು! ದೀಪಾವಳಿ ಪಾಡ್ಯದ ದಿನ ಬಲಿರಾಜನನ್ನು ನೆನೆಯುತ್ತೇವೆ, ಅಂದೇ ಸಗಣಿಯ ಪಾಂಡವರನ್ನೂ ಮಾಡಿ ಕೂಡಿಸುತ್ತೇವೆ. ಬಲಿ ಎಲ್ಲಿ, ಪಾಂಡವರೆಲ್ಲಿ! ಬಲಿ ಪ್ರಹ್ಲಾದನ ಮೊಮ್ಮಗ. ಅವನನ್ನು ಪಾತಾಳಕ್ಕೆ ಕಳಿಸಿದ ವಾಮನ ನರಸಿಂಹನ ಮುಂದಿನ ಅವತಾರ. ಮೇಲಿನ ಏಳು ಚಿತ್ರಗಳಲ್ಲಿ ವಾಮನನ ಹೆಸರಿನದು ಇಲ್ಲ. ಆ ಸಂದು ತುಂಬುವುದು ನಮ್ಮ ಪಾಲಿನ ಕೆಲಸ.

ಕೃಷ್ಣಾ ನದಿಯ ದಂಡೆಯ ನಮ್ಮ ಗಲಗಲಿ ಕಡೆಯವರಿಗೆ ಇದು ಹೊಸದಲ್ಲ. ಮುಧೋಳ, ಜಮಖಂಡಿ ಸೀಮೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ಆಡುತ್ತಿದ್ದ ಶ್ರೀಕೃಷ್ಣ ಪಾರಿಜಾತದಲ್ಲಿ ಬರುವವನು ದ್ವಾರಕೆಯ ಕೃಷ್ಣನೇ. ಪಾರಿಜಾತದ ಹೂವು ರುಕ್ಮಿಣಿಗೆ ಸಿಕ್ಕಿತೆಂದು ಸತ್ಯಭಾಮೆ ಮುನಿಯುವ ಕಥೆ. ಅದನ್ನು ನೋಡಲು ಕೂತ ಹೆಣ್ಣುಮಕ್ಕಳಿಗೆ ಗೋಕುಲದ ಕಥೆ ತೊಟ್ಟಿಲ ಹಾಡಿನಿಂದಲೇ ಗೊತ್ತಿತ್ತು. ಆದ್ದರಿಂದ ಆಟ ನಡುವಿನಿಂದ ಶುರುವಾದರೂ ತೊಂದರೆ ಇರಲಿಲ್ಲ. ಈಗ ತೊಟ್ಟಿಲ ಹಾಡಿನ ಜಾಗದಲ್ಲಿ ಮೊಬೈಲು ಬಂದಿದೆ.

ಕ್ರಮ ತಿಳಿದರೆ ಲಾಭವೇನು ಎಂದು ಕೇಳುವಿರಾ? ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನರಸಿಂಹ ಚಿತ್ರದ ಕೊನೆಯ ಭಾಗ ನೋಡಿ ಮೈದುನನ ಸಣ್ಣ ಮಗಳು ಹೆದರಿ, ರಾತ್ರಿ ಎದ್ದು ಅತ್ತಳು. ಅತ್ತೆಯವರು ಅವಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, “ಅಂವಾ ದೇವರ ಮನಿ ಬಾಗಲಾ ಕಾಯಾಂವ ಇದ್ದನವಾ. ಇನ್ನೆರಡು ಸಲ ಹುಟ್ಟಿ ಬಂದು ತಿರಗಿ ಮನಿಗಿ ಹೋಗ್ತಾನ” ಎಂದರು. ಮಗು, “ಹೋಗಿ ಮುಟ್ಟಿದನೇನು?” ಎಂದು ಕೇಳಿತು. “ಮುಟ್ಟಿದಾ” ಎಂದರು. ಮಗು ಮಲಗಿತು. ಹಿಂದಿನದು, ಮುಂದಿನದು ಗೊತ್ತಾದರೆ ರಾಕ್ಷಸನ ಸಿಟ್ಟಿಗೂ ಒಂದು ಕಾರಣ ಕಾಣುತ್ತದೆ. ತಮ್ಮ ಹಿರಣ್ಯಾಕ್ಷನನ್ನು ವರಾಹ ಕೊಂದನೆಂಬ ಸಂಕಟ ಹಿರಣ್ಯಕಶಿಪುವಿನದು. ಆ ವರಾಹದ ಕಥೆ ಇದೇ ಚಿತ್ರದ ಮೊದಲ ಭಾಗದಲ್ಲಿದೆ. ಆದ್ದರಿಂದ ನಡುವಿನಿಂದ ಹಚ್ಚಿ ತೋರಿಸಬೇಡಿರಿ. ತೀರ ಸಣ್ಣವರಿಗೆ ಮೊದಲು ಬಾಯಲ್ಲಿ ಕಥೆ ಹೇಳಿ, ಆಮೇಲೆ ಹಗಲು ಹೊತ್ತಿನಲ್ಲಿ ತೋರಿಸಿರಿ.

ಹಾಗಾದರೆ ಯಾವ ಕ್ರಮದಲ್ಲಿ ನೋಡಬೇಕು? ಗುಟ್ಟು ಬಚ್ಚಿಟ್ಟು ಹೇಳುವ ಹೊಸ ಕಥೆಯಾದರೆ, ಮಾರ್ವೆಲ್‌ನಂತೆ, ತೆರೆಗೆ ಬಂದ ಕ್ರಮದಲ್ಲಿ ನೋಡುವುದೇ ಚೆನ್ನ. ಗುಟ್ಟುಗಳು ಅದೇ ಕ್ರಮದಲ್ಲಿ ಬಿಚ್ಚಿಕೊಳ್ಳುತ್ತವೆ. ಅವತಾರಗಳಲ್ಲಿ ಗುಟ್ಟೇನಿಲ್ಲ, ಕಂಬ ಒಡೆದು ಯಾರು ಬರುತ್ತಾರೆಂದು ಎಲ್ಲರಿಗೂ ಗೊತ್ತು. ಅವನ್ನು ಕಥೆಯ ಕ್ರಮದಲ್ಲೇ ಹೇಳಿರಿ.

ಒಂದು ನೂರು ಪುಟದ ನೋಟುಬುಕ್ಕು ತೆಗೆದುಕೊಳ್ಳಿರಿ. ಒಂದೊಂದು ಯುಗಕ್ಕೆ ಒಂದಿಷ್ಟು ಹಾಳೆ ಬಿಡಿರಿ. ಪ್ರತಿ ಹಾಳೆಯಲ್ಲಿ ನಾಲ್ಕು ಮನೆ ಗೆರೆ ಹೊಡೆದು ಅವತಾರ, ವೈರಿ, ದಾಟಿ ಬಂದವರು, ನಾವು ಮಾಡುವ ಹಬ್ಬ ಎಂದು ಬರೆಯಿರಿ. ಚಿತ್ರ ಬಂದಂತೆ ಅದರ ಹೆಸರು, ವರ್ಷವನ್ನು ಮಕ್ಕಳ ಕೈಯಿಂದಲೇ ಬರೆಸಿರಿ. ಖಾಲಿ ಉಳಿದ ಮನೆಗಳನ್ನು ಅಜ್ಜಿಯ ಹತ್ತಿರ ಕೂತು ಕೇಳಿ ತುಂಬಲಿ. ನಮ್ಮ ಅತ್ತೆಯವರಿಗೆ ಈಗ ಎಪ್ಪತ್ತೆಂಟು; ನಿನ್ನೆ ಹೇಳಿದ್ದು ಇಂದು ಮರೆಯುತ್ತಾರೆ, ಪುರಾಣ ಮಾತ್ರ ಇನ್ನೂ ಮರೆತಿಲ್ಲ. ಕೊನೆಯ ಚಿತ್ರಕ್ಕೆ ಹೇಳಿರುವ ವರ್ಷ 2037. ಅಲ್ಲಿಯ ತನಕ ಕಾಯದೆ, ಬರುವ ಏಕಾದಶಿಯ ಮಧ್ಯಾಹ್ನ ಅಡಿಗೆಯ ಗಡಿಬಿಡಿ ಇಲ್ಲದಾಗ ನಿಮ್ಮ ಮನೆಯಲ್ಲೂ ಮೊದಲ ಹಾಳೆ ಬರೆದುಬಿಡಿರಿ.